ನಮ್ಮವರಿರುವ ದೇಶದಲ್ಲಿ ಆಡಳಿತ ಕುಸಿದಾಗ: ಕೊಡಗಿನ ಮನೆಗಳಿಗೊಂದು ಮಾರ್ಗದರ್ಶಿ

ನಾಪೋಕ್ಲು, ವಿರಾಜಪೇಟೆ, ಸಿದ್ದಾಪುರ, ಸುಂಟಿಕೊಪ್ಪದ ಸುತ್ತಮುತ್ತ ಗಲ್ಫ್ ದೇಶಗಳಲ್ಲಿ ದುಡಿಯುವವರು ಒಬ್ಬರಾದರೂ ಇರುವ ಮನೆಗಳು ಬಹಳ. ಇನ್ನೊಂದೆಡೆ, ಕಾಫಿ ಕೊಯ್ಲು ಮುಗಿದು, ಕರಿಮೆಣಸು ಒಣಗಿ ಮೂಟೆ ಸೇರಿದ ಮೇಲೆ, ಮಳೆ ಹಿಡಿಯುವವರೆಗಿನ ಬಿಡುವಿನಲ್ಲಿ ಕೊಲಂಬೊ, ಬ್ಯಾಂಕಾಕ್, ಕಠ್ಮಂಡು ಎಂದು ಕುಟುಂಬ ಸಮೇತ ಪ್ರವಾಸ ಹೊರಡುವ ಬೆಳೆಗಾರರೂ ಕಡಿಮೆಯೇನಿಲ್ಲ. ಹೋದ ದೇಶದ ಸರ್ಕಾರವೇ ಅಲುಗಾಡಿ, ಬೀದಿಗೆ ಸೈನ್ಯ ಇಳಿದು, ವಿಮಾನ ನಿಲ್ದಾಣಕ್ಕೆ ಬೀಗ ಬಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಈ ಇಬ್ಬರಿಗೂ ಸಮಾನವಾದದ್ದು. ಅದಕ್ಕೆ ಉತ್ತರವನ್ನು ಆ ದಿನ ಹುಡುಕಲು ಹೊರಟರೆ ತಡವಾಗಿರುತ್ತದೆ ಎಂಬುದನ್ನು ನಮ್ಮ ನೆರೆಯ ದೇಶಗಳೇ ತೋರಿಸಿಕೊಟ್ಟಿವೆ.

ಶ್ರೀಲಂಕಾದಲ್ಲಿ 2022ರ ಏಪ್ರಿಲ್ 1ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಅದರ ಬೆನ್ನಿಗೆ ಕರ್ಫ್ಯೂ ಬಂತು, ಏಪ್ರಿಲ್ 3ರಂದು ಸಾಮಾಜಿಕ ಜಾಲತಾಣಗಳನ್ನು ತಡೆಹಿಡಿಯಲಾಯಿತು. ಅದು ನಮ್ಮಲ್ಲಿ ಪ್ರವಾಸದ ಕಾಲ. ಜುಲೈ 9ರಂದು ಪ್ರತಿಭಟನಕಾರರು ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು, ಜುಲೈ 13ರಂದು ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟರು. ಬಾಂಗ್ಲಾದೇಶದಲ್ಲಿ 2024ರ ಜುಲೈ 18ರಂದು ಇಂಟರ್ನೆಟ್ ಪೂರ್ತಿಯಾಗಿ ಕಡಿತಗೊಂಡು, ಹೊರದೇಶದ ಫೋನ್ ಕರೆಗಳೂ ಸಿಗದಂತಾದವು. ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ತೊರೆದ ದಿನ ಢಾಕಾ ವಿಮಾನ ನಿಲ್ದಾಣವನ್ನು ಕೆಲವು ಗಂಟೆಗಳ ಕಾಲ ಮುಚ್ಚಲಾಯಿತು. ನೇಪಾಳದಲ್ಲಿ 2025ರ ಸೆಪ್ಟೆಂಬರ್ 4ರಂದು ಜಾಲತಾಣಗಳ ನಿಷೇಧ, 8ರಂದು ಪ್ರತಿಭಟನಕಾರರ ಮೇಲೆ ಗೋಲಿಬಾರು, 9ರಂದು ಪ್ರಧಾನಿ ಕೆ. ಪಿ. ಶರ್ಮಾ ಓಲಿ ರಾಜೀನಾಮೆ. ಅದೇ ದಿನ ಸಂಸತ್ ಭವನಕ್ಕೂ ದೊಡ್ಡ ಹೋಟೆಲಿಗೂ ಬೆಂಕಿ ಬಿತ್ತು, ಕಠ್ಮಂಡುವಿನ ತ್ರಿಭುವನ ವಿಮಾನ ನಿಲ್ದಾಣ ಮುಚ್ಚಿತು. ಒಂದು ನಿಷೇಧದ ಆದೇಶದಿಂದ ಸರ್ಕಾರ ಬೀಳುವವರೆಗೆ ಅಲ್ಲಿ ಒಂದು ವಾರವೂ ಹಿಡಿಯಲಿಲ್ಲ.

ಈ ಮೂರು ಘಟನೆಗಳಲ್ಲೂ ಮೊದಲು ಕೈಕೊಟ್ಟದ್ದು ಸಂಪರ್ಕ ಅಥವಾ ಸಾರಿಗೆ. ಆದುದರಿಂದ ಬಿಕ್ಕಟ್ಟಿನ ದಿನ ತೆಗೆದುಕೊಳ್ಳಬೇಕಾದ ತೀರ್ಮಾನಗಳ ಬಹುಪಾಲನ್ನು ಫೋನು ಚೆನ್ನಾಗಿ ಸಿಗುತ್ತಿರುವ ದಿನಗಳಲ್ಲೇ, ಹೋಗುವವರೂ ಮನೆಯಲ್ಲಿ ಉಳಿಯುವವರೂ ಒಟ್ಟಿಗೆ ಕುಳಿತು ಬರೆದಿಟ್ಟುಕೊಳ್ಳಬೇಕು. ಇದರಲ್ಲಿ ಅರ್ಧ ಕೆಲಸ ಊರಿನಲ್ಲಿರುವವರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊರಡುವ ಮೊದಲು

ಮೊದಲು ಕಾಗದಪತ್ರ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ವಿಮೆ ಇವುಗಳ ಪ್ರತಿಗಳನ್ನು ಮೊಬೈಲಿನಲ್ಲಿ ಮಾತ್ರವೇ ಇಟ್ಟುಕೊಂಡರೆ ಸಾಲದು. ಒಂದು ಕಾಗದದ ಪ್ರತಿ ಕೈಚೀಲದಲ್ಲಿ, ಇನ್ನೊಂದು ಮನೆಯ ಕಪಾಟಿನಲ್ಲಿ ಇರಬೇಕು. ಭಾರತೀಯ ರಾಯಭಾರ ಕಚೇರಿಯ ವಿಳಾಸ ಮತ್ತು ತುರ್ತು ದೂರವಾಣಿ ಸಂಖ್ಯೆ, ಉಳಿದುಕೊಳ್ಳುವ ಹೋಟೆಲುಗಳ ವಿಳಾಸ, ಊರಿನ ಎರಡು ಫೋನ್ ಸಂಖ್ಯೆಗಳು, ಇಷ್ಟನ್ನು ಕೈಬರಹದಲ್ಲಿ ಬರೆದುಕೊಳ್ಳಿ. ಚಾರ್ಜ್ ಮುಗಿದ ಮೊಬೈಲಿನೊಳಗಿನ ಸಂಖ್ಯೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ನೇಪಾಳಕ್ಕೆ ವಿಮಾನದಲ್ಲಿ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ಹಾಗಿದ್ದರೂ ಪಾಸ್‌ಪೋರ್ಟ್ ಇರುವವರು ಅದನ್ನೇ ಒಯ್ಯಬೇಕು. ಭಾರತಕ್ಕೆ ನೇರ ವಿಮಾನಗಳು ರದ್ದಾಗಿ ಮೂರನೆಯ ದೇಶದ ಮೂಲಕ ಸುತ್ತಿ ಬರಬೇಕಾದ ಸಂದರ್ಭದಲ್ಲಿ ಮತದಾರರ ಚೀಟಿ ಕೆಲಸಕ್ಕೆ ಬರುವುದಿಲ್ಲ.

ಹಣದ ವಿಷಯದಲ್ಲಿ ನಮ್ಮವರು ಈಚೆಗೆ ಕಾರ್ಡ್ ಮತ್ತು ಮೊಬೈಲನ್ನೇ ಪೂರ್ತಿಯಾಗಿ ನೆಚ್ಚಿಕೊಂಡಿದ್ದಾರೆ. ಇಂಟರ್ನೆಟ್ ನಿಂತ ದಿನ ಎಟಿಎಂ, ಕಾರ್ಡ್ ಯಂತ್ರ, ಮೊಬೈಲ್ ಪಾವತಿ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ. ನಾಲ್ಕು ದಿನಗಳ ಊಟ, ವಸತಿ ಮತ್ತು ಹತ್ತಿರದ ಗಡಿಗೋ ವಿಮಾನ ನಿಲ್ದಾಣಕ್ಕೋ ದುಬಾರಿ ದರದ ಟ್ಯಾಕ್ಸಿ, ಇಷ್ಟಕ್ಕೆ ಸಾಲುವಷ್ಟು ಸ್ಥಳೀಯ ನಗದು ಯಾವಾಗಲೂ ಕೈಯಲ್ಲಿರಲಿ. ಅದರ ಜೊತೆಗೆ ಸಣ್ಣ ಮುಖಬೆಲೆಯ, ಮಡಿಕೆಯಾಗದ ಕೆಲವು ಡಾಲರ್ ನೋಟುಗಳಿರಲಿ. ಕುಟುಂಬವಾಗಿ ಹೋಗುವವರು ಹಣವನ್ನೂ ಕಾರ್ಡುಗಳನ್ನೂ ಇಬ್ಬರಲ್ಲಿ ಹಂಚಿಟ್ಟುಕೊಳ್ಳಬೇಕು. ಭಾರತದ ಸಿಮ್ ಅನ್ನು ತೆಗೆದಿಟ್ಟು ಹೋಗಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ, ತುರ್ತಾಗಿ ಹೊಸ ಟಿಕೆಟ್ ಕೊಳ್ಳುವಾಗ ಅದಿಲ್ಲದೆ ಕೈಕಟ್ಟಿ ಹಾಕಿದಂತಾಗುತ್ತದೆ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವ ಹಿರಿಯರ ಔಷಧಿಯನ್ನು ಪ್ರವಾಸದ ಅವಧಿಯ ಎರಡರಷ್ಟು ದಿನಗಳಿಗೆ, ವೈದ್ಯರ ಚೀಟಿಯೊಂದಿಗೆ ಒಯ್ಯಬೇಕು. 2022ರಲ್ಲಿ ಶ್ರೀಲಂಕಾದಲ್ಲಿ ಪೆಟ್ರೋಲಿನಂತೆಯೇ ಔಷಧಿಗೂ ತೀವ್ರ ಕೊರತೆ ಉಂಟಾಗಿತ್ತು.

ಕೊಡಗಿನವರಿಗೆ ಮಾತ್ರ ಹೇಳಬೇಕಾದ ಒಂದು ಮಾತಿದೆ. ನಮ್ಮಲ್ಲಿ ಕೋವಿ ಮನೆಯ ವಸ್ತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಅದಕ್ಕೆ ಪರವಾನಗಿಯ ವಿನಾಯಿತಿಯಿದೆ. ತೋಟಕ್ಕೆ ಒಯ್ಯುವ ಚೀಲವೇ ಪ್ರವಾಸದ ಚೀಲವಾಗುವುದೂ ಉಂಟು. ಆ ಚೀಲದ ಮೂಲೆಯಲ್ಲಿ ಉಳಿದುಹೋದ ಕೋವಿಯ ಒಂದು ತೋಟಾ (ಗುಂಡು) ನಮ್ಮ ವಿಮಾನ ನಿಲ್ದಾಣದಲ್ಲೇ ತೊಂದರೆ ತರುತ್ತದೆ. ತುರ್ತು ಪರಿಸ್ಥಿತಿಯಿರುವ, ಪ್ರತಿ ತಿರುವಿನಲ್ಲೂ ಸೈನಿಕರು ಚೀಲ ಬಿಚ್ಚಿ ನೋಡುವ ದೇಶದಲ್ಲಿ ಅದು ಜೈಲಿಗೇ ದಾರಿಯಾಗಬಹುದು. ಮದುವೆಗೆಂದು ಹೋಗುವವರು ಪೀಚೆಕತ್ತಿ, ಒಡಿಕತ್ತಿಗಳನ್ನು ಒಯ್ಯುವ ವಿಚಾರದಲ್ಲೂ ಇದೇ ಎಚ್ಚರ ಇರಬೇಕು. ಚೀಲವನ್ನು ಪೂರ್ತಿ ಖಾಲಿ ಮಾಡಿ, ಒಳಗಿನ ಜೇಬುಗಳನ್ನು ತಿರುಗಿಸಿ ನೋಡಿ, ಆಮೇಲೆ ತುಂಬಿ.

ಪ್ರವಾಸ ವಿಮೆಯನ್ನು ಕೊಳ್ಳುವಾಗ ಬೆಲೆಯನ್ನು ಮಾತ್ರ ನೋಡದೆ, ಯಾವುದಕ್ಕೆ ಪರಿಹಾರ ಇಲ್ಲ ಎಂದು ಬರೆದಿರುವ ಪುಟವನ್ನು ಓದಿ. ಯುದ್ಧ, ಅಂತರ್ಯುದ್ಧ, ದಂಗೆಗಳನ್ನು ಹಲವು ಪಾಲಿಸಿಗಳು ಹೊರಗಿಡುತ್ತವೆ. ಗಲಭೆಯ ಸುದ್ದಿ ಬಂದ ಮೇಲೆ ಕೊಂಡ ಪಾಲಿಸಿಗೆ ಆ ಗಲಭೆಯಿಂದಾದ ನಷ್ಟ ತುಂಬಿಕೊಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ವಿಮಾನಯಾನದ ನಿಯಮವನ್ನೂ ತಿಳಿದಿರಬೇಕು. ಕಂಪನಿಯೇ ವಿಮಾನ ರದ್ದು ಮಾಡಿದರೆ ಹಣ ಮರಳಿ ಪಡೆಯುವ ಅಥವಾ ಬೇರೆ ವಿಮಾನದಲ್ಲಿ ಹೋಗುವ ಹಕ್ಕು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮಗಳಲ್ಲಿದೆ, ಆದರೆ ರಾಜಕೀಯ ಅಸ್ಥಿರತೆ, ಗಲಭೆಗಳಂಥ ಅಸಾಧಾರಣ ಕಾರಣಗಳಿದ್ದಾಗ ಅದರ ಮೇಲಿನ ಪರಿಹಾರಧನ ಸಿಗುವುದಿಲ್ಲ. ನೀವೇ ಹೆದರಿ ಮೊದಲು ರದ್ದು ಮಾಡಿದರೆ ರದ್ದತಿಯ ಶುಲ್ಕ ನಿಮ್ಮ ಮೇಲೆ ಬೀಳುತ್ತದೆ. ಆದುದರಿಂದ ಹೊರಡುವ ದಿನ ದೂರವಿದ್ದರೆ, ಕಂಪನಿ ದಿನ ಬದಲಿಸಲು ಅವಕಾಶ ಕೊಡುತ್ತದೆಯೇ ಎಂದು ಒಂದೆರಡು ದಿನ ಕಾಯುವುದು ಲೇಸು.

ಅಲ್ಲಿರುವಾಗ ಶುರುವಾದರೆ

ಬಿಕ್ಕಟ್ಟಿಗೆ ಮುನ್ಸೂಚನೆಗಳಿರುತ್ತವೆ: ಜಾಲತಾಣಗಳ ಮೇಲೆ ನಿಷೇಧ, ಪೆಟ್ರೋಲ್ ಬಂಕಿನ ಮುಂದೆ ಬೆಳೆಯುವ ಸಾಲು, ವಿಶ್ವವಿದ್ಯಾಲಯಗಳಿಗೆ ಹಠಾತ್ ರಜೆ, ರಾತ್ರಿ ಕರ್ಫ್ಯೂ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಅಂದೇ ಊರಿಗೆ ತಿಳಿಸಿ, ಹೊರಡುವುದೋ ಉಳಿಯುವುದೋ ಎಂದು ನಿರ್ಧರಿಸಿ. ವಿಮಾನಗಳು ಓಡುತ್ತಿದ್ದು ದಾರಿ ಶಾಂತವಾಗಿದ್ದರೆ ತಕ್ಷಣ ಹೊರಡಬೇಕು. ದಾರಿಯಲ್ಲಿ ಗಲಭೆ ಇದ್ದರೆ ಇರುವ ಕಡೆಯಲ್ಲೇ, ಬಾಗಿಲು ಹಾಕಿಕೊಂಡು, ನೀರು ಮತ್ತು ಒಣ ತಿಂಡಿ ಸಂಗ್ರಹಿಸಿಟ್ಟುಕೊಂಡು ಉಳಿಯಬೇಕು. ಅತ್ಯಂತ ಅಪಾಯದ್ದು ಇವೆರಡರ ನಡುವಿನದು, ಅಂದರೆ ವಿಮಾನ ಹೊರಡುವುದು ಖಾತ್ರಿಯಿಲ್ಲದೆ, ಮಕ್ಕಳು ಮುದುಕರನ್ನು ಕರೆದುಕೊಂಡು ಕರ್ಫ್ಯೂವಿನ ಬೀದಿಗಳನ್ನು ದಾಟಿ ನಿಲ್ದಾಣದ ಕಡೆಗೆ ನುಗ್ಗುವುದು. 2008ರ ನವೆಂಬರ್ 25ರಂದು ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣವನ್ನು ಪ್ರತಿಭಟನಕಾರರೇ ಆಕ್ರಮಿಸಿಕೊಂಡರು. ಒಂದು ವಾರಕ್ಕೂ ಮೇಲ್ಪಟ್ಟು ಅದು ಮುಚ್ಚಿತ್ತು, ಪಟ್ಟಾಯದ ಬಳಿಯ ಊ-ತಪಾವೊ ನೌಕಾನೆಲೆಯ ನಿಲ್ದಾಣದಿಂದ ಪ್ರವಾಸಿಗರನ್ನು ಕಳಿಸಬೇಕಾಯಿತು. ಆಗ ನಿಲ್ದಾಣಕ್ಕೆ ಹೋಗಿ ನೆಲದ ಮೇಲೆ ಮಲಗಿದವರಿಗಿಂತ ಹೋಟೆಲಿನಲ್ಲೇ ಉಳಿದು ಕಂಪನಿಯ ಸೂಚನೆಗೆ ಕಾದವರ ಪಾಡು ವಾಸಿಯಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಭೂಪಟವನ್ನು ಓದುವ ಅಭ್ಯಾಸ ಇಲ್ಲಿ ಬಹಳ ನೆರವಿಗೆ ಬರುತ್ತದೆ. ರಾಜಕೀಯ ಗಲಭೆ ಸಾಮಾನ್ಯವಾಗಿ ರಾಜಧಾನಿಯಲ್ಲಿ, ಅದರಲ್ಲೂ ಸಂಸತ್ತು, ಅಧ್ಯಕ್ಷರ ನಿವಾಸ, ಮುಖ್ಯ ಮೈದಾನಗಳ ಸುತ್ತ ಗಟ್ಟಿಗೊಳ್ಳುತ್ತದೆ. ಹೋಟೆಲ್ ಕಾದಿರಿಸುವಾಗಲೇ ಆ ಭಾಗವನ್ನು ಬಿಡಿ. ಶ್ರೀಲಂಕಾದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ಕೊಲಂಬೊ ನಗರದೊಳಗಲ್ಲ, ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರದ ಕಟುನಾಯಕೆಯಲ್ಲಿ. ಕ್ಯಾಂಡಿಯಲ್ಲಿರುವವರು ಕೊಲಂಬೊ ಮುಟ್ಟದೆಯೇ ಪಕ್ಕದ ನೆಗೊಂಬೊ ಸೇರಿ, ಕೊನೆಯ ರಾತ್ರಿಯನ್ನು ಅಲ್ಲೇ ಕಳೆದು ನಿಲ್ದಾಣಕ್ಕೆ ಹೋಗಬಹುದು. ಕಠ್ಮಂಡುವಿನಲ್ಲಿ ಹಾಗಿಲ್ಲ, ನಿಲ್ದಾಣ ನಗರದ ನಡುವೆಯೇ ಇದೆ. ಪೋಖರಾದಲ್ಲೋ ಲುಂಬಿನಿಯಲ್ಲೋ ಇರುವವರು ರಾಜಧಾನಿಗೆ ಮರಳುವ ಬದಲು, ರಸ್ತೆ ಶಾಂತವಿದೆಯೆಂದು ಖಾತ್ರಿ ಮಾಡಿಕೊಂಡು, ಸುನೌಲಿ ಗಡಿಯಿಂದ ಗೋರಖಪುರಕ್ಕೆ ಇಳಿಯುವುದು ಜಾಣತನ. 2024ರ ಜುಲೈನಲ್ಲಿ ಬಾಂಗ್ಲಾದೇಶದ ಭಾರತೀಯ ವಿದ್ಯಾರ್ಥಿಗಳಲ್ಲಿ ಸಾವಿರಾರು ಜನ ಹಿಂದಿರುಗಿದ್ದು ಭೂಗಡಿಗಳ ಮೂಲಕವೇ. ಅಗರ್ತಲಾ ಪಕ್ಕದ ಅಖೌರಾ, ಮೇಘಾಲಯದ ಡೌಕಿ ಅವುಗಳಲ್ಲಿ ಮುಖ್ಯವಾದವು. ಹೊರಡುವ ಮೊದಲು ಮನೆಯಲ್ಲಿ ಬರೆದಿಡುವ ಹಾಳೆಯಲ್ಲಿ ಇಂಥ ಎರಡನೆಯ ದಾರಿಯೊಂದು ಇರಲೇಬೇಕು.

ಕರ್ಫ್ಯೂ ಇದ್ದರೂ ವಿಮಾನ ಪ್ರಯಾಣಿಕರಿಗೆ ವಿನಾಯಿತಿ ಕೊಡುವುದುಂಟು. ಥಾಯ್ಲೆಂಡಿನಲ್ಲಿ 2014ರ ಮೇ 22ರಂದು ಸೈನ್ಯ ಅಧಿಕಾರ ಹಿಡಿದು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಕರ್ಫ್ಯೂ ಹೇರಿದಾಗ, ಪಾಸ್‌ಪೋರ್ಟ್ ಮತ್ತು ಟಿಕೆಟ್ ತೋರಿಸಿದವರನ್ನು ನಿಲ್ದಾಣಕ್ಕೆ ಬಿಡಲಾಗುತ್ತಿತ್ತು. ಟಿಕೆಟನ್ನು ಮುದ್ರಿಸಿ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಕಾರಣ.

ನಡತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೆರವಣಿಗೆಯನ್ನು ನೋಡಲು ಹೋಗಬೇಡಿ, ಸೈನಿಕರನ್ನೂ ಬೆಂಕಿ ಬಿದ್ದ ಕಟ್ಟಡಗಳನ್ನೂ ಚಿತ್ರೀಕರಿಸಬೇಡಿ, ಅಲ್ಲಿನ ರಾಜಕೀಯದ ಕುರಿತು ಬಹಿರಂಗವಾಗಿ ಯಾರ ಪರವೂ ಮಾತನಾಡಬೇಡಿ. ಆ ದೇಶದ ಜನ ತಮ್ಮ ಬದುಕಿನ ದೊಡ್ಡ ಪ್ರಶ್ನೆಯೊಂದನ್ನು ಬೀದಿಯಲ್ಲಿ ಕೇಳುತ್ತಿರುವಾಗ ಅದು ನಮಗೆ ನೋಟದ ವಸ್ತುವಾಗಬಾರದು. ಯುಎಇಯಂಥ ದೇಶಗಳಲ್ಲಿ ವದಂತಿ ಹಂಚುವುದು ಕಾನೂನಿನಡಿ ಶಿಕ್ಷಾರ್ಹ ಅಪರಾಧವಾಗಿದ್ದು, ಊರಿನ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದ ಒಂದು ವಿಡಿಯೊ ಕೆಲಸವನ್ನೇ ಕಳೆಯಬಹುದು.

ಊರಿನ ಮನೆಯ ಕೆಲಸ

2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರಿನ ಗುಡ್ಡಗಳು ಜರಿದಾಗ ಹೊರಗಿದ್ದ ಕೊಡಗಿನವರು ಪಟ್ಟ ಸಂಕಟ ಇಲ್ಲಿ ಎಲ್ಲರಿಗೂ ನೆನಪಿದೆ. ಕರೆಂಟು ಇಲ್ಲ, ಟವರು ಇಲ್ಲ, ಯಾವ ಸುದ್ದಿ ನಿಜವೆಂದು ತಿಳಿಯದು. ಈಗ ಅದೇ ಪರಿಸ್ಥಿತಿ ತಿರುವುಮುರುವಾಗಿ, ನಾವು ಇಲ್ಲಿ, ನಮ್ಮವರು ಅಲ್ಲಿ. ಅಂದು ಕಲಿತದ್ದನ್ನು ಇಂದು ಬಳಸಬೇಕು.

ಮನೆಯಿಂದ ಒಬ್ಬರು ಮಾತ್ರ ಮಾತನಾಡುವ ವ್ಯವಸ್ಥೆ ಮಾಡಿಕೊಳ್ಳಿ. ಅಜ್ಜಿ, ಸೋದರಮಾವ, ಒಕ್ಕದ (ಮನೆತನದ) ಹತ್ತು ಮಂದಿ ಒಬ್ಬರಾದ ಮೇಲೊಬ್ಬರು ಕರೆ ಮಾಡಿದರೆ ಅಲ್ಲಿರುವವರ ಬ್ಯಾಟರಿ ಖಾಲಿಯಾಗುತ್ತದೆ, ಧೈರ್ಯವೂ ಕುಗ್ಗುತ್ತದೆ. ದಿನಕ್ಕೆ ಎರಡು ಹೊತ್ತು ನಿಗದಿ ಮಾಡಿ, ಆ ಹೊತ್ತಿಗೆ ಒಂದು ಚಿಕ್ಕ ಸಂದೇಶ: ಎಲ್ಲಿದ್ದೇವೆ, ಹೇಗಿದ್ದೇವೆ, ಮುಂದೇನು. ಒಂದು ಹೊತ್ತು ಸಂದೇಶ ತಪ್ಪಿದರೆ ಸುಮ್ಮನಿರಬೇಕು, ಎರಡು ದಿನ ತಪ್ಪಿದರೆ ಅಧಿಕಾರಿಗಳಿಗೆ ತಿಳಿಸಬೇಕು ಎಂಬುದನ್ನೂ ಮೊದಲೇ ಮಾತಾಡಿಕೊಂಡಿದ್ದರೆ ಆತಂಕ ಅರ್ಧ ಇಳಿಯುತ್ತದೆ.

ತಿಳಿಸುವುದು ಎಲ್ಲಿಗೆ? ಆ ದೇಶದ ಭಾರತೀಯ ರಾಯಭಾರ ಕಚೇರಿಗೆ, ಇಂಥ ಸಮಯದಲ್ಲಿ ವಿದೇಶಾಂಗ ಸಚಿವಾಲಯ ತೆರೆಯುವ ನಿಯಂತ್ರಣ ಕೊಠಡಿಗೆ, ವಿದೇಶದಲ್ಲಿರುವ ಭಾರತೀಯರ ದೂರುಗಳಿಗೆಂದು 2015ರಿಂದ ಇರುವ ಮದದ್ ಜಾಲತಾಣಕ್ಕೆ, ಮಡಿಕೇರಿಯ ಜಿಲ್ಲಾಧಿಕಾರಿಗಳ ಕಚೇರಿಗೆ, ರಾಜ್ಯದ ಅನಿವಾಸಿ ಭಾರತೀಯ ಸಮಿತಿಗೆ. 2023ರಲ್ಲಿ ಸುಡಾನಿನಲ್ಲಿ ಸಿಲುಕಿದವರಲ್ಲಿ ನಮ್ಮ ನೆರೆಯ ಹುಣಸೂರಿನ ಕಡೆಯ ಹಕ್ಕಿಪಿಕ್ಕಿ ಸಮುದಾಯದವರಿದ್ದರು. ಆಪರೇಷನ್ ಕಾವೇರಿ ಎಂಬ ಹೆಸರಿನ ಆ ಕಾರ್ಯಾಚರಣೆಯಲ್ಲಿ ಭಾರತೀಯರನ್ನು ಪೋರ್ಟ್ ಸುಡಾನ್‌ನಿಂದ ಜಿದ್ದಾಕ್ಕೆ ದಾಟಿಸಿ ಕರೆತರಲಾಯಿತು. ಹೀಗೆ ಕರೆತರಬೇಕಾದವರ ಪಟ್ಟಿಗಳಲ್ಲಿ ಹೆಸರು ಸರಿಯಾಗಿ ಸೇರುವುದು ಬಹಳ ಮುಖ್ಯ. ನಮ್ಮಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಕೊನೆಗೋ ಅಥವಾ ಕೇವಲ ಇನಿಷಿಯಲ್ಲಾಗಿಯೋ ಇರುತ್ತದೆ. ಊರಿನಲ್ಲಿ ಕರೆಯುವ ಹೆಸರು ಬೇರೆಯೇ. ಅರ್ಜಿಯಲ್ಲಿ ಪಾಸ್‌ಪೋರ್ಟಿನ ಅಕ್ಷರಗಳನ್ನೇ ಬರೆಯಿರಿ, ಪಾಸ್‌ಪೋರ್ಟ್ ಸಂಖ್ಯೆ, ಈಗಿರುವ ಸ್ಥಳ, ಕೆಲಸದ ಸ್ಥಳ, ಕಾಯಿಲೆಯಿದ್ದರೆ ಅದನ್ನೂ ಸೇರಿಸಿ. ಒಬ್ಬರ ಹೆಸರನ್ನು ಐದು ಕಡೆ ಐದು ರೀತಿ ಬರೆದರೆ ಅಧಿಕಾರಿಗಳ ಕಣ್ಣಿಗೆ ಐವರು ಕಾಣಿಸುತ್ತಾರೆ.

ಕರೆತಂದವರು ಸಾಮಾನ್ಯವಾಗಿ ಇಳಿಯುವುದು ದೆಹಲಿ, ಮುಂಬೈ ಅಥವಾ ಕೋಲ್ಕತ್ತದಲ್ಲಿ. ದೆಹಲಿಯಾದರೆ ಕರ್ನಾಟಕ ಭವನವನ್ನು ಸಂಪರ್ಕಿಸಬಹುದು. ಕಣ್ಣೂರಿನಲ್ಲಿ ಇಳಿಯುವವರು ಮಳೆಗಾಲದಲ್ಲಿ ಮಾಕುಟ್ಟ ಘಾಟಿ ತೆರೆದಿದೆಯೇ, ಮಂಗಳೂರಿನಲ್ಲಿ ಇಳಿಯುವವರು ಸಂಪಾಜೆ ದಾರಿ ಸರಿಯಿದೆಯೇ ಎಂದು ಊರಿನವರಿಂದ ತಿಳಿದೇ ಹೊರಡಬೇಕು. ದಿನಗಟ್ಟಲೆ ನಿದ್ದೆಗೆಟ್ಟು ಬಂದವರನ್ನು ರಾತ್ರಿಯೇ ಘಾಟಿ ಹತ್ತಿಸಬೇಡಿ.

ದುಡಿಯಲು ಹೋದವರು ಬಿಟ್ಟು ಬರಬೇಕೇ?

ಪ್ರವಾಸಿಗನಿಗೆ ಈ ಪ್ರಶ್ನೆಯೇ ಇಲ್ಲ. ದುಡಿಯುವವನಿಗೆ ಇದು ಅನ್ನದ ಪ್ರಶ್ನೆ. 2017ರ ಜೂನ್ 5ರಂದು ಸೌದಿ ಅರೇಬಿಯಾ, ಯುಎಇ, ಬಹರೈನ್, ಈಜಿಪ್ಟ್ ದೇಶಗಳು ಕತಾರ್ ಜೊತೆಗಿನ ಸಂಬಂಧ ಕಡಿದುಕೊಂಡು, ಅದರ ಏಕೈಕ ಭೂಗಡಿ ಮುಚ್ಚಿದಾಗ ದೋಹಾದ ಅಂಗಡಿಗಳ ಕಪಾಟುಗಳು ಕೆಲವು ದಿನ ಬರಿದಾದವು. ಆದರೆ ಸಂಬಳ, ಬ್ಯಾಂಕು, ಆಸ್ಪತ್ರೆ ನಡೆಯುತ್ತಲೇ ಇದ್ದವು, 2021ರ ಜನವರಿಯಲ್ಲಿ ಸಂಬಂಧ ಮತ್ತೆ ಕೂಡಿತು. ಅಲ್ಲಿ ಉಳಿದವರು ಕಳೆದುಕೊಂಡದ್ದು ಹೆಚ್ಚೇನಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ವಶಪಡಿಸಿಕೊಂಡಾಗ ಆಡಳಿತವೇ ಅಳಿಸಿಹೋಯಿತು. ಜೋರ್ಡಾನಿನ ಅಮ್ಮಾನ್ ಮೂಲಕ ಸುಮಾರು 1,70,000 ಭಾರತೀಯರನ್ನು ಏರ್ ಇಂಡಿಯಾ ವಿಮಾನಗಳಲ್ಲಿ ಕರೆತರಬೇಕಾಯಿತು, ಅವರಲ್ಲಿ ಅನೇಕರ ಉಳಿತಾಯ ಅಲ್ಲಿಯೇ ಉಳಿಯಿತು. ಈ ಎರಡನ್ನೂ ನೋಡಿದರೆ ಗಮನಿಸಬೇಕಾದ ಗುರುತುಗಳು ತಿಳಿಯುತ್ತವೆ: ಬ್ಯಾಂಕು ಹಣ ಕೊಡುತ್ತಿದೆಯೇ, ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿದೆಯೇ, ಆಸ್ಪತ್ರೆ ತೆರೆದಿದೆಯೇ, ಪೊಲೀಸರು ಯಾರ ಆಜ್ಞೆ ಪಾಲಿಸುತ್ತಿದ್ದಾರೆ? ಇವುಗಳಲ್ಲಿ ಎರಡು ಕೆಟ್ಟರೆ ಬಾಕಿ ಸಂಬಳದ ಆಸೆಗೆ ಕಾಯದೆ ಹೊರಡಬೇಕು.

ಹೊರಡುವ ಸ್ವಾತಂತ್ರ್ಯ ಕೈಯಲ್ಲಿರಬೇಕಾದರೆ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಮಾಲೀಕರ ಬಳಿ ಇದ್ದರೆ ಶಾಂತ ಕಾಲದಲ್ಲೇ ಕೇಳಿ ಪಡೆಯಿರಿ, ಸಿಗದಿದ್ದರೆ ರಾಯಭಾರ ಕಚೇರಿಗೆ ದೂರು ಕೊಡಿ. ಪಾಸ್‌ಪೋರ್ಟ್ ಕಳೆದುಹೋದವರಿಗೆ ಭಾರತಕ್ಕೆ ಒಮ್ಮೆ ಮರಳಲು ಮಾತ್ರ ಸಲ್ಲುವ ತುರ್ತು ಪ್ರಮಾಣಪತ್ರವನ್ನು ರಾಯಭಾರ ಕಚೇರಿ ನೀಡುತ್ತದೆ. ಹಳೆಯ ಪಾಸ್‌ಪೋರ್ಟಿನ ಪ್ರತಿ ಮನೆಯಲ್ಲಿದ್ದರೆ ಆ ಕೆಲಸ ಬೇಗ ಆಗುತ್ತದೆ. ಸೌದಿಯಲ್ಲಿ ದುಡಿಯುವವರು ರಜೆಗೆ ಬಂದು ಮರಳಲು ನಿರ್ಗಮನ ಹಾಗೂ ಮರುಪ್ರವೇಶದ ವೀಸಾ ಪಡೆಯಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಉಳಿತಾಯವನ್ನು ಅಲ್ಲಿನ ಬ್ಯಾಂಕಿನಲ್ಲಿ ರಾಶಿ ಹಾಕದೆ ತಿಂಗಳು ತಿಂಗಳು ಊರಿನ ಬ್ಯಾಂಕಿನಲ್ಲಿರುವ ಎನ್ಆರ್‌ಇ (ಅನಿವಾಸಿ ಭಾರತೀಯರ) ಖಾತೆಗೆ ಕಳಿಸುತ್ತಿರಿ. ಹಣ ಇಲ್ಲದೆ ಕಷ್ಟಕ್ಕೆ ಸಿಲುಕಿದವರಿಗೆ ಟಿಕೆಟ್, ತಾತ್ಕಾಲಿಕ ವಸತಿ ಒದಗಿಸಲು ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕೇಳಲು ಸಂಕೋಚ ಪಡಬಾರದು, ಅದು ಇಂಥ ಕಷ್ಟಕ್ಕೆಂದೇ ಇರುವ ಹಣ.

ನಮ್ಮ ಹೋಂಸ್ಟೇಯಲ್ಲಿ ಸಿಲುಕಿದವರು

ಇದರ ಇನ್ನೊಂದು ಮಗ್ಗುಲು ನಮ್ಮ ಮನೆಯ ಅಂಗಳದಲ್ಲೇ ಇದೆ. ಕಕ್ಕಬ್ಬೆಯಲ್ಲೋ ಗಾಳಿಬೀಡಿನಲ್ಲೋ ತಂಗಿರುವ ವಿದೇಶಿ ಅತಿಥಿಯ ದೇಶದಲ್ಲಿ ಸರ್ಕಾರ ಬಿದ್ದರೆ ಅವರು ಮರಳಲಾರದೆ ಉಳಿಯಬಹುದು. ಅತಿಥಿ ಬಂದ 24 ಗಂಟೆಯೊಳಗೆ, ಸಿ ಫಾರಂ ಎಂದೇ ರೂಢಿಯಲ್ಲಿ ಕರೆಯುವ ವರದಿಯನ್ನು ಆನ್‌ಲೈನಿನಲ್ಲಿ ಸಲ್ಲಿಸುವುದು ಹೇಗೂ ಕಡ್ಡಾಯ. ಅದು ಸರಿಯಾಗಿದ್ದರೆ ಮುಂದಿನದು ಸುಲಭ. ವೀಸಾ ಅವಧಿ ಮುಗಿಯುವ ಮೊದಲೇ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್ಆರ್‌ಆರ್‌ಒ ಜಾಲತಾಣದ ಮೂಲಕ ವಿಸ್ತರಣೆಗೆ ಅರ್ಜಿ ಹಾಕಿಸಿ, ಮಡಿಕೇರಿಯ ಜಿಲ್ಲಾ ಪೊಲೀಸ್ ಕಚೇರಿಗೆ ವಿಷಯ ತಿಳಿಸಿ, ವಿಮಾನ ರದ್ದಾದ ಸೂಚನೆಯ ಪ್ರತಿಯನ್ನು ಜೋಪಾನ ಮಾಡಿಸಿ. ಅವರ ಕಾರ್ಡು ಕೆಲಸ ಮಾಡದೆ ಹೋದರೆ ಬಾಡಿಗೆಗೆ ಒಂದು ವಾರ ಕಾಯಿರಿ. ಅವರ ದೇಶದ ರಾಜಕೀಯವನ್ನು ಊಟದ ಹೊತ್ತಿಗೆ ಕೆದಕದಿರುವುದೂ ಆತಿಥ್ಯದ ಭಾಗವೇ.

ಮರಳಿ ಬಂದ ಮೇಲೆ

ಬೋರ್ಡಿಂಗ್ ಪಾಸ್, ಕಾದ ದಿನಗಳ ಹೋಟೆಲ್ ರಸೀದಿ, ವಿಮಾನ ರದ್ದಾದ ಸಂದೇಶ, ರಾಯಭಾರ ಕಚೇರಿಯ ಸೂಚನೆ ಇವನ್ನೆಲ್ಲ ಒಂದೇ ಲಕೋಟೆಯಲ್ಲಿಟ್ಟು, ವಿಮಾ ಕಂಪನಿಗೆ ಪಾಲಿಸಿಯಲ್ಲಿ ಹೇಳಿದ ಅವಧಿಯೊಳಗೆ ಬರಹದಲ್ಲಿ ತಿಳಿಸಿ. ತುರ್ತು ಪ್ರಮಾಣಪತ್ರದ ಮೇಲೆ ಬಂದವರು ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಅದರ ಪ್ರತಿಯನ್ನೂ, ಕಳೆದುಹೋದದ್ದಕ್ಕೆ ಪೊಲೀಸ್ ದೂರಿನ ಪ್ರತಿಯನ್ನೂ ಇಟ್ಟುಕೊಂಡಿರಬೇಕು. ಕೆಲಸದ ವೀಸಾ ಇರುವವರು ದಿನ ಎಣಿಸುತ್ತಿರಬೇಕು: ಯುಎಇಯ ಸಾಮಾನ್ಯ ನಿವಾಸ ವೀಸಾ, ದೇಶದ ಹೊರಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ರದ್ದಾಗುತ್ತದೆ. ಪರಿಸ್ಥಿತಿ ತಿಳಿಯಾಗುವವರೆಗೆ ತೋಟದ ಕೆಲಸ ನೋಡಿಕೊಂಡಿರೋಣ ಎಂದುಕೊಂಡವರು, ಐದನೆಯ ತಿಂಗಳು ತುಂಬುವ ಮೊದಲೇ ಮಾಲೀಕರಿಂದ ಲಿಖಿತ ಉತ್ತರ ತರಿಸಿಕೊಂಡು, ಮರಳುವುದೋ ಇಲ್ಲಿಯೇ ನಿಲ್ಲುವುದೋ ಎಂಬುದನ್ನು ಮನೆಯವರೊಂದಿಗೆ ಕುಳಿತು ತೀರ್ಮಾನಿಸಬೇಕು.